ರಸ್ತೆಗೆ ಹಾಸಿದ ಸೊಪ್ಪು

ಸಬೀನಾ ಅಜ್ಜಿಯ ಕೋಳಿಮರಿಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬೊಸಿಬೊರಿ ಕೆರೋಕಾ ಪೇಟೆ ಬಿಟ್ಟಾಗ ಇನ್ನೂ ಚೆನ್ನಾಗಿ ಬಿಸಿಲಿತ್ತು. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು. ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಒಂದೇ ಸಮನೆ ಚಿಂವ್‌ಗುಡುತ್ತಿದ್ದವು.

"ಮಧ್ಯಾಹ್ನದ ಮಳೆಗೆ ಮುಂಚೆ ಮನೆ ಸೇರಿಸಮ್ಮ," ಎಂದಿದ್ದ ಮರಿ ಮಾರುವವನು. "ಥಂಡಿ ತಾಗಿದ್ರೆ ಒಂದರ ಮೇಲೊಂದು ಹತ್ತಿ ಉಸಿರುಗಟ್ಟಿ ಸಾಯ್ತವೆ. ಆಮೇಲೆ ನನ್ನ ಹತ್ರ ಬಂದು ಜಗಳ ಮಾಡ್ಬೇಡ."

ಸಬೀನಾ ಅಜ್ಜಿಯ ಹಳೆಯ ಕೋಳಿಗಳೆಲ್ಲ ಕಳೆದ ಬೇಸಿಗೆಯಲ್ಲಿ ರೋಗ ಬಂದು ಸತ್ತಿದ್ದವು. ಆಮೇಲೆ ಎಷ್ಟೋ ತಿಂಗಳು ಅಜ್ಜಿ ಆ ಗೂಡಿನ ಕಡೆ ಮುಖ ಹಾಕಿರಲಿಲ್ಲ. ಈಗ ತಾನೇ ಮನಸ್ಸು ಮಾಡಿ, ಗೂಡು ಗುಡಿಸಿ, ಬೂದಿ ಚೆಲ್ಲಿ, ಮರಿಗಳಿಗೆ ಕಾವು ಕೊಡಲು ಮಡಕೆಯಲ್ಲಿ ಕೆಂಡ ತುಂಬಿಟ್ಟುಕೊಂಡು ಕಾಯುತ್ತಿದ್ದಳು. ಬೊಸಿಬೊರಿ ಬೋಡಾ, ಅಂದರೆ ಬಾಡಿಗೆ ಬೈಕು, ಓಡಿಸಲು ಕಲಿತ ಹೊಸದರಲ್ಲಿ, ಅವಳ ಎಳೆಯ ಮಗಳನ್ನು ದಿನವಿಡೀ ಬೆನ್ನಿಗೆ ಕಟ್ಟಿಕೊಂಡು ನೋಡಿಕೊಂಡವಳು ಈ ಅಜ್ಜಿಯೇ. ಒಂದು ದಿನವೂ ಮುಖ ಗಂಟು ಹಾಕಿದವಳಲ್ಲ. ಹಾಗಾಗಿ ಈ ಪೆಟ್ಟಿಗೆಯನ್ನು ಬೇರೆ ಯಾರ ಬೈಕಿಗೂ ಕೊಡಲು ಬೊಸಿಬೊರಿ ಒಪ್ಪಿರಲಿಲ್ಲ.

ಮೋಡ ಬೇಗ ಕಟ್ಟಿತು. ಮಳೆಯನ್ನು ಹಿಂದೆ ಹಾಕೋಣವೆಂದು ಅವಳು ಡಾಂಬರು ರಸ್ತೆ ಬಿಟ್ಟು ಚಹಾ ತೋಟದ ನಡುವಿನ ಕೆಮ್ಮಣ್ಣಿನ ಅಡ್ಡದಾರಿ ಹಿಡಿದಳು. ಆ ದಾರಿ ಒಂದು ದಿಣ್ಣೆ ಹತ್ತಿಳಿದು, ಅಜ್ಜಿಯ ಮನೆಯ ಕೆಳಗೆ ಮತ್ತೆ ಅದೇ ಡಾಂಬರಿಗೆ ಸೇರುತ್ತದೆ. ದಿಣ್ಣೆಯ ನೆತ್ತಿ ದಾಟುತ್ತಿದ್ದಂತೆ ಬೈಕು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು.

ಕಿಕ್ ಹೊಡೆದಳು. ಪ್ಲಗ್ ಬಿಚ್ಚಿ, ಸೊಂಟಕ್ಕೆ ಸುತ್ತಿದ್ದ ಬಟ್ಟೆಯಲ್ಲಿ ಒರೆಸಿ, ಎಂಜಿನ್ನಿಗೆ ತಾಗಿಸಿ ಹಿಡಿದು ಮತ್ತೆ ಕಿಕ್ ಹೊಡೆದಳು. ಕಿಡಿ ಬರಲಿಲ್ಲ. ಪೆಟ್ರೋಲಿತ್ತು, ಚೈನು ಸರಿಯಿತ್ತು. ಇದು ತನ್ನ ಕೈಯಲ್ಲಿ ಆಗುವ ರಿಪೇರಿಯಲ್ಲ ಎಂದು ಗೊತ್ತಾಯಿತು.

ಆ ಸೀಮೆಯಲ್ಲಿ ಗಾಡಿ ಕೆಟ್ಟು ನಿಂತರೆ ಮೊದಲು ಮಾಡುವ ಕೆಲಸವೊಂದಿದೆ. ಬದಿಯ ಗಿಡದಿಂದ ಹಸಿ ಸೊಪ್ಪಿನ ಕೊಂಬೆ ಮುರಿದು ಗಾಡಿಯ ಹಿಂದೆ ರಸ್ತೆಗೆ ಹಾಸಬೇಕು. ಸೊಪ್ಪು ಕಂಡ ಮೇಲೆ ಯಾವ ಬೋಡಾದವನೂ ನಿಲ್ಲಿಸದೆ ಹೋಗುವಂತಿಲ್ಲ, ಅವನು ಯಾವ ಸ್ಟ್ಯಾಂಡಿನವನೇ ಆಗಿರಲಿ. ಸೊಪ್ಪಿಲ್ಲದಿದ್ದರೆ ಫೋನಿಗೋ, ಬಹಿರ್ದೆಸೆಗೋ ನಿಂತಿದ್ದಾರೆ ಎಂದುಕೊಂಡು ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ.

ಬೊಸಿಬೊರಿ ಸೊಪ್ಪು ಹಾಸಲಿಲ್ಲ. ಅವಳ ಹತ್ತಿರ ವಿಮೆಯಿತ್ತು.

ಹೋದ ಮಳೆಗಾಲದಲ್ಲಿ ಸಂತೆಯ ನಟ್ಟನಡುವೆ ಅವಳ ಬೈಕು ಕೆಟ್ಟಿತ್ತು. ಸ್ಟ್ಯಾಂಡಿನ ಹಿರಿಯ ಮಕೋರಿ ತನ್ನ ಬೈಕಿನಲ್ಲಿ ಹಿಂದೆ ಬಂದು, ಒಂದು ಕಾಲು ಚಾಚಿ ಅವಳ ಹಿಂದಿನ ಫುಟ್‌ರೆಸ್ಟಿಗೆ ಕೊಟ್ಟು, ಸಂತೆಯುದ್ದಕ್ಕೂ ತಳ್ಳಿಕೊಂಡು ಬಂದಿದ್ದ. ಬೋಡಾದವರು ಒಬ್ಬರಿಗೊಬ್ಬರು ಮಾಡುವುದೇ ಹಾಗೆ. ಆದರೆ ತಳ್ಳಿಸಿಕೊಳ್ಳುವವಳು ಹೆಂಗಸಾದ್ದರಿಂದ ಇಡೀ ಸಾಲು ಶಿಳ್ಳೆ ಹಾಕಿತ್ತು. "ಓಯ್ ಮಕೋರಿ, ಮದುವೆಗೆ ತೆರ ಕೊಡೋ ಹಸು ಹೊಡ್ಕೊಂಡು ಬಂದೆಯೇನಯ್ಯಾ?" "ಹಸು ಒದೆಯುತ್ತೆ ಕಣೋ, ಹುಷಾರು!" ಮಕೋರಿ ತುಟಿ ಬಿಚ್ಚಿರಲಿಲ್ಲ. ಅವಳಿಗೆ ಬೈಕು ಕಲಿಸಿದವನೇ ಅವನು. ಆ ಮೌನವೇ ಅವಳಿಗೆ ಹೆಚ್ಚು ಚುಚ್ಚಿತ್ತು. ಮುಂದಿನ ವಾರವೇ ಸ್ಟ್ಯಾಂಡಿನ ಬೋಡಾದವರ ಸಂಘದ ವಂತಿಗೆ ನಿಲ್ಲಿಸಿ, ಪೇಟೆಯಲ್ಲಿ ಕೊಡೆ ನೆಟ್ಟುಕೊಂಡು ಕೂತಿದ್ದ ಹುಡುಗನಿಂದ ರಸ್ತೆ ನೆರವಿನ ವಿಮೆ ಮಾಡಿಸಿಕೊಂಡಿದ್ದಳು. "ನೀವು ಎಲ್ಲೇ ನಿಲ್ಲಿ ಅಕ್ಕ, ನಾವು ಬರ್ತೀವಿ," ಎಂದಿದ್ದ ಅವನು. ಇನ್ನು ಯಾರ ಕಾಲೂ ಬೇಡ, ಯಾರ ಶಿಳ್ಳೆಯೂ ಬೇಡ ಎಂದು ಅವಳಿಗೆ ಹಗುರಾಗಿತ್ತು.

ಈಗ ಆ ನಂಬರಿಗೆ ಫೋನು ಹಚ್ಚಿದಳು. ಅತ್ತ ಕಡೆ ಒಬ್ಬ ಹುಡುಗಿ ಎತ್ತಿಕೊಂಡಳು. ಒಳ್ಳೆಯ ದನಿ, ಅವಸರವಿಲ್ಲದ ಮಾತು.

"ಅಕ್ಕ, ನೀವೀಗ ಡಾಂಬರಿನ ಮೇಲಿದ್ದೀರಾ, ಮಣ್ಣು ರಸ್ತೆಲಿದ್ದೀರಾ?"

"ಮಣ್ಣು ರಸ್ತೆ. ತೋಟದ ಒಳಗೆ."

"ಹಾಗಾದ್ರೆ ಸ್ವಲ್ಪ ಕೇಳಿಸ್ಕೊಳ್ಳಿ. ನಮ್ಮ ಪಿಕಪ್ಪು ಡಾಂಬರು ಬಿಟ್ಟು ಇಳಿಯೋ ಹಾಗಿಲ್ಲ. ಡಾಂಬರಿನವರೆಗೆ ಬೈಕ್ ನೀವೇ ತರ್ಬೇಕು. ಅಲ್ಲಿಂದ ಹತ್ತಿರದ ಗ್ಯಾರೇಜಿಗೆ ನಾವು ಹೊತ್ಕೊಂಡು ಹೋಗ್ತೀವಿ. ಅದಕ್ಕೆ ಮತ್ತೆ ಏನೂ ಕೊಡ್ಬೇಕಾಗಿಲ್ಲ."

"ನನ್ನ ಹೊರೆ ಇದೆಯಲ್ಲಮ್ಮ. ಅದನ್ನ ಮನೆಗೆ ಮುಟ್ಟಿಸ್ತೀರಾ?"

"ಹೊರೆಗೆ, ಪ್ಯಾಸೆಂಜರಿಗೆ ಈ ವಿಮೆ ಇಲ್ಲ ಅಕ್ಕ. ಬೈಕಿಗೆ ಉಂಟು, ಜೊತೆಗೆ ಓಡಿಸೋ ನಿಮಗೂ ಪಿಕಪ್ಪಲ್ಲಿ ಜಾಗ ಉಂಟು. ಅಷ್ಟೇ."

ಬೊಸಿಬೊರಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಎಲ್ಲೇ ನಿಂತರೂ ಎಂಬ ಮಾತನ್ನು ಅವಳು ನಿಜವಾಗಿ ಎಲ್ಲೇ ನಿಂತರೂ ಎಂದೇ ತಿಳಿದಿದ್ದಳು. ತನ್ನ ಜೊತೆ ಏನಿದೆಯೋ ಅದೂ ಸೇರಿಯೇ ನೆರವು ಎಂದುಕೊಂಡಿದ್ದಳು. ಕೇಳಬೇಕು ಎಂದು ಹೊಳೆದಿರಲೇ ಇಲ್ಲ. ಬೋಡಾದವರಿಗೆ ಬೈಕು ಬೇರೆ, ಅದರ ಮೇಲಿರುವುದು ಬೇರೆ ಅಲ್ಲವಲ್ಲ.

"ಅಕ್ಕ, ಅದೇನು ಸದ್ದು?"

"ಕೋಳಿಮರಿ. ನಿನ್ನೆ ಹುಟ್ಟಿದ್ದು."

"ಅಯ್ಯೋ ದೇವರೇ!" ಹುಡುಗಿಯ ದನಿ ಥಟ್ಟನೆ ಆಫೀಸು ಬಿಟ್ಟು ಹೊರಗೆ ಬಂತು. "ನಮ್ಮಮ್ಮನೂ ಸಾಕ್ತಾರೆ. ಪೆಟ್ಟಿಗೆ ಒದ್ದೆ ಆಗೋಕೆ ಬಿಡ್ಬೇಡಿ. ನಿಮ್ಮ ಬಟ್ಟೆ ಒಳಗೆ, ಮೈಗೆ ತಾಗಿಸಿ ಇಟ್ಕೊಳ್ಳಿ. ಪಿಕಪ್ಪನ್ನ ನಾನು ಈಗಲೇ ಡಾಂಬರಿಗೆ ಕಳಿಸಿರ್ತೀನಿ. ಹೇಗಾದ್ರೂ ಮಾಡಿ ಅಲ್ಲಿಗೆ ಬನ್ನಿ ಅಕ್ಕ."

ಫೋನು ಇಟ್ಟ ಮೇಲೆ ಮೊದಲ ಹನಿಗಳು ಬಿದ್ದವು. ಒಂದು ಬೋಡಾ ಹಾರ್ನ್ ಹೊಡೆದು ದಾಟಿತು. ಅಭ್ಯಾಸಬಲದಿಂದ ಅವಳೂ ಕೈಯೆತ್ತಿ ನಕ್ಕು ಕಳಿಸಿದಳು. ಬೈಕನ್ನು ಒಬ್ಬಳೇ ತಳ್ಳಿ ನೋಡಿದಳು. ನೆಲ ಆಗಲೇ ಜಾರುತ್ತಿತ್ತು. ಹಿಂದೆ ಪೆಟ್ಟಿಗೆ ವಾಲಿತು. ಒಳಗಿನ ಚೀರಾಟ ಹೆಚ್ಚಾಯಿತು.

ಅವಳು ಬೈಕು ನಿಲ್ಲಿಸಿ, ಮುಚ್ಚಳ ಚೂರೇ ಎತ್ತಿ ನೋಡಿದಳು. ಮರಿಗಳೆಲ್ಲ ಒಂದು ಮೂಲೆಗೆ ಒತ್ತರಿಸಿಕೊಂಡಿದ್ದವು. ಅಡಿಯಲ್ಲಿದ್ದವು ಕಾಣುತ್ತಲೇ ಇರಲಿಲ್ಲ. ಕೈ ಹಾಕಿ ಬಿಡಿಸಿದಳು. ಒಂದು ಮರಿ ಅಂಗೈಯಲ್ಲಿ ಕತ್ತು ಹೊರಳಿಸಿ ಹಾಗೇ ಮಲಗಿತು. ಇನ್ನು ಉಳಿದಿರುವುದು ಸ್ವಲ್ಪವೇ ಹೊತ್ತು ಎಂದು ಅವಳಿಗೆ ಅರ್ಥವಾಯಿತು.

ಆಗ ಬೇಲಿಯ ಗಿಡದಿಂದ ಕೊಂಬೆ ಮುರಿದಳು. ಒಂದು, ಇನ್ನೊಂದು, ಮತ್ತೂ ಒಂದು. ರಸ್ತೆಗೆ ಹಾಸಿದಳು. ಮುಖಕ್ಕೆ ಮಳೆ ಹೊಡೆಯುತ್ತಿದ್ದುದರಿಂದ ಕಣ್ಣಲ್ಲಿ ಬಂದಿದ್ದು ಯಾವ ನೀರು ಎಂದು ಅವಳೂ ವಿಚಾರಿಸಲು ಹೋಗಲಿಲ್ಲ.

ಹೆಚ್ಚು ಹೊತ್ತಾಗಲಿಲ್ಲ. ಒಂದು ಬೋಡಾ ಸೊಪ್ಪಿನ ಹತ್ತಿರ ಬಂದು ನಿಂತಿತು. ಓಡಿಸುವವನ ಹಿಂದೆ ಒಬ್ಬ ದಪ್ಪ ಹೆಂಗಸು, ಅವಳ ತೊಡೆಯ ಮೇಲೆ ಒಂದು ಆಡು.

"ಏನಾಯ್ತು ತಂಗಿ?"

"ಕಿಡಿ ಬರ್ತಿಲ್ಲ. ಮರಿ ಇದೆ ಅಣ್ಣ, ಕೋಳಿಮರಿ."

ಅವನು ತನ್ನ ಬೈಕನ್ನೂ ಆಡನ್ನೂ ನೋಡಿಕೊಂಡ. "ಇವರನ್ನ ಎಲ್ಲಿ ಇಳಿಸ್ಲಿ?"

"ಆಡನ್ನ ಇಳಿಸಿದ್ರೆ ಅದು ನನ್ನನ್ನ ಬಿಟ್ಟು ಓಡುತ್ತೆ," ಎಂದಳು ಹೆಂಗಸು. "ನನ್ನನ್ನ ಇಳಿಸಿದ್ರೆ ನಾನು ನಿನ್ನನ್ನ ಬಿಡಲ್ಲ."

ಅವನು ಬೊಸಿಬೊರಿಯ ಮೇಲಂಗಿಯ ಬಣ್ಣ ನೋಡಿದ. "ನೀನು ಮಕೋರಿ ಸ್ಟ್ಯಾಂಡಿನವಳಲ್ವಾ? ಅವನಿಗೆ ಫೋನ್ ಮಾಡ್ತೀನಿ."

"ಬೇಡ..." ಎಂದು ಬಾಯಿಗೆ ಬಂದಿತ್ತು. ಪೆಟ್ಟಿಗೆಯ ಸದ್ದು ಸಣ್ಣದಾಗುತ್ತಿತ್ತು. "ಮಾಡಣ್ಣ," ಎಂದಳು. "ಬೇಗ ಬಾ ಅಂತ ಹೇಳು. ನಾನು ಕೇಳ್ದೆ ಅಂತಲೇ ಹೇಳು."

ಅವರು ಹೋದ ಮೇಲೆ ಅವಳು ಬೈಕಿನ ಮರೆಗೆ ಕುಕ್ಕರಗಾಲಲ್ಲಿ ಕೂತು, ಸೊಂಟದ ಬಟ್ಟೆ ಬಿಚ್ಚಿ, ಮಗಳನ್ನು ಕಟ್ಟುತ್ತಿದ್ದ ಹಾಗೆಯೇ ಎದೆಗೆ ಜೋಳಿಗೆ ಕಟ್ಟಿಕೊಂಡಳು. ಮರಿಗಳನ್ನು ಹಿಡಿಹಿಡಿಯಾಗಿ ಅದರೊಳಗೆ ಬಿಟ್ಟು ಮೇಲಂಗಿಯ ಜಿಪ್ಪು ಅರ್ಧ ಎಳೆದಳು. ಪುಟ್ಟ ಪುಟ್ಟ ಉಗುರುಗಳು ಹೊಟ್ಟೆಯ ಮೇಲೆಲ್ಲ ಗೀರಿದವು. "ಇರ್ರೋ, ಇರ್ರೋ ಕಂದಾ," ಎನ್ನುತ್ತ ಬಾಯಿಂದ ಬಿಸಿಯುಸಿರು ಊದಿದಳು.

ಮಕೋರಿ ಬಂದ. ಕೆನ್ನೆ ತೋಯ್ದು, ಗಡ್ಡದಿಂದ ನೀರಿಳಿಯುತ್ತಿತ್ತು. ಬೈಕಿಂದ ಇಳಿಯದೆಯೇ ಕೇಳಿದ: "ಎಷ್ಟು ಉಸಿರಾಡ್ತಿವೆ?"

"ಹೆಚ್ಚಿನವು. ಮಾಮ, ನಾನು ಸಂಘದಲ್ಲಿ ಇಲ್ಲ ಅಂತ ಗೊತ್ತು—"

"ನೀನು ಬಿಟ್ಟೆ. ಮರಿಗಳು ಬಿಟ್ಟಿಲ್ಲವಲ್ಲ. ನಾನು ಬಂದಿದ್ದು ಅವಕ್ಕೆ." ತನ್ನ ದೊಡ್ಡ ಕೋಟು ಕಳಚಿ ಅವಳ ಮೇಲೆ ಹೊದಿಸಿದ. "ಹತ್ತು ನನ್ನ ಹಿಂದೆ. ಹೊರೆ ಮೊದಲು."

"ಬೈಕ್ ಇಲ್ಲೇ ಇರ್ಲಿ ಮಾಮ. ಹೋದ್ರೆ ಹೋಗ್ಲಿ. ನಡಿ." ಹೇಳಿಯೂ ಬಿಟ್ಟಳು, ಹತ್ತಲು ಕಾಲೂ ಎತ್ತಿದಳು. ಅವಳ ಮನೆಯ ಅನ್ನ ಆ ಬೈಕು.

ಮಕೋರಿ ಅವಳ ಮುಖ ನೋಡಿದ, ಆಮೇಲೆ ರಸ್ತೆ ನೋಡಿದ. "ಹೆಚ್ಚು ಕಡಿಮೆ ಇಳಿಜಾರೇ ಅಲ್ವಾ," ಎಂದ. "ಎರಡೂ ಹೋಗುತ್ತೆ. ನಿನ್ನ ಬೈಕೇ ಹತ್ತು. ನ್ಯೂಟ್ರಲ್ಲಿಗೆ ಹಾಕು. ಬ್ರೇಕಿಗೆ ಮಾತ್ರ ಸುಮ್ಮಸುಮ್ಮನೆ ಕೈ ಹಾಕ್ಬೇಡ. ಹಾಕಿದ್ರೆ ನನ್ನ ಕಾಲು ನಿನ್ನ ಚಕ್ರಕ್ಕೆ."

ಅವನ ಕಾಲು ಬಂದು ಅವಳ ಫುಟ್‌ರೆಸ್ಟಿಗೆ ಆತುಕೊಂಡಿತು. ಬೈಕು ಮೆಲ್ಲಗೆ ಸರಿಯಿತು. ಕೆಸರಿನಲ್ಲಿ ಮುಂದಿನ ಚಕ್ರ ಹಾವಿನಂತೆ ಹೊರಳಿದಾಗ ಅವಳ ಬೆರಳು ತಾನಾಗಿಯೇ ಬ್ರೇಕಿಗೆ ಹೋಯಿತು. "ಬಿಡು!" ಎಂದು ಹಿಂದಿನಿಂದ ಕೂಗು ಬಂತು. ಬಿಟ್ಟಳು. ಹಿಂದೆ ತಿರುಗಿ ನೋಡುವ ಹಾಗಿರಲಿಲ್ಲ, ಎದೆಯ ಮೇಲೆ ಕೈಯಿಟ್ಟು ಮರಿಗಳನ್ನು ಮುಟ್ಟಿ ನೋಡುವ ಹಾಗೂ ಇರಲಿಲ್ಲ. ಹೊಟ್ಟೆಯ ಮೇಲಿನ ಮಿಸುಕಾಟವೊಂದೇ ಅವಳಿಗೆ ಗುರುತು. ಹಿಂದಿರುವ ಕಾಲನ್ನು ನಂಬಿ ಕಣ್ಣು ಮುಂದಿಟ್ಟಳು.

ತಗ್ಗಿನಲ್ಲಿ ನಡೆಯುವ ವೇಗಕ್ಕೆ ಬಂದಾಗ ಮಕೋರಿ ಎಂಜಿನ್ನಿನ ಸದ್ದನ್ನು ಮೀರಿಸಿ ಹೇಳಿದ: "ಆವತ್ತು ಸಂತೇಲಿ... ಆ ಮೊದಲು ಶಿಳ್ಳೆ ಹಾಕಿದವನ ಕಪಾಳಕ್ಕೆ ಬಿಡಬೇಕು ಅನ್ಸಿತ್ತು."

"ಮತ್ಯಾಕೆ ಬಿಡ್ಲಿಲ್ಲ?"

"ಕಾಲು ತೆಗೆದಿದ್ರೆ ನೀನು ಟೊಮೇಟೊ ರಾಶಿ ಮೇಲೆ ಬೀಳ್ತಿದ್ದೆ. ಬಾಯಿ ತೆಗೆದಿದ್ರೆ ನಾನೇ ಬೀಳ್ತಿದ್ದೆ. ನನಗೆ ಒಂದು ಸಲಕ್ಕೆ ಒಂದೇ ಕೆಲಸ ಬರೋದು."

ಬೊಸಿಬೊರಿಗೆ ನಗು ಬಂತು. ನಕ್ಕರೆ ಮರಿಗಳು ಅಲುಗುತ್ತವೆಂದು ತಡೆದುಕೊಂಡಳು.

ಡಾಂಬರು ಸೇರುವಲ್ಲಿ ಪಿಕಪ್ಪು ದೀಪ ಹಾಕಿಕೊಂಡು ನಿಂತಿತ್ತು. ಡ್ರೈವರ್ ಹಲಗೆ ಇಳಿಸಿದ. ಮೂವರೂ ಸೇರಿ ಬೈಕು ಮೇಲೆ ಹತ್ತಿಸಿದರು. "ಅಕ್ಕ, ಮುಂದೆ ಕೂತ್ಕೊಳ್ಳಿ, ಗ್ಯಾರೇಜಿಗೆ ಬಿಡ್ತೀನಿ," ಎಂದ.

"ನನಗೆ ಬೇರೆ ಕೆಲಸ ಉಂಟು," ಎಂದಳು ಅವಳು, ಮಕೋರಿಯ ಹಿಂದೆ ಹತ್ತುತ್ತ. "ಬೈಕನ್ನ ಹುಷಾರಾಗಿ ಕರ್ಕೊಂಡು ಹೋಗಪ್ಪ."

ಸಬೀನಾ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಬೊಸಿಬೊರಿಯನ್ನು ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಕೆಂಡದ ಮಡಕೆಯ ಪಕ್ಕ ಹರಡಿದ್ದ ಒಣಹುಲ್ಲಿನ ಮೇಲೆ ಮರಿಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಒಂದೊಂದರ ಕೊಕ್ಕನ್ನೂ ಬೆಚ್ಚನೆಯ ಸಕ್ಕರೆ ನೀರಿಗೆ ಅದ್ದಿದಳು. ಕೆಲವು ಕೂಡಲೇ ಕತ್ತೆತ್ತಿ ನುಂಗಿದವು. ಕೆಲವಕ್ಕೆ ಎರಡು ಸಲ ಅದ್ದಬೇಕಾಯಿತು. ಮೂರು ಮರಿಗಳು ಎಷ್ಟು ಅದ್ದಿದರೂ ಏಳಲಿಲ್ಲ. ಅಜ್ಜಿ ಅವನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

"ನನ್ನಿಂದ ಅಜ್ಜಿ," ಎಂದಳು ಬೊಸಿಬೊರಿ. "ಮೊದಲೇ ಸೊಪ್ಪು ಹಾಸಿದ್ರೆ ಇವೂ ಉಳೀತಿದ್ವು."

"ನಿನ್ನ ಹೊಟ್ಟೆ ನೋಡ್ಕೋ, ಕೋಳಿ ಕೆದಕಿದ ತಿಪ್ಪೆ ಹಾಗಾಗಿದೆ," ಎಂದಳು ಅಜ್ಜಿ. "ಎಣ್ಣೆ ಹಚ್ತೀನಿ ಇರು." ಹಚ್ಚಿದಳು ಕೂಡ, ಮಕೋರಿಗೆ ಗೋಡೆ ಕಡೆ ತಿರುಗಲು ಹೇಳಿ.

ಆಮೇಲೆ ಇಬ್ಬರಿಗೂ ದೊಡ್ಡ ಲೋಟಗಳಲ್ಲಿ ಬಿಸಿ ರಾಗಿ ಗಂಜಿ ಕೊಟ್ಟಳು. ತಗಡಿನ ಮೇಲೆ ಮಳೆ ಇಳಿಮುಖವಾಗಿತ್ತು. ಮಕೋರಿ ಗಂಜಿ ಊದುತ್ತ ಕೇಳಿದ: "ಆ ಪಿಕಪ್ಪು ಗ್ಯಾರೇಜಿನವರೆಗೂ ಹೊತ್ಕೊಂಡು ಹೋಗುತ್ತಾ? ಆ ಪೇಟೆ ಏರು ಹತ್ತಿ?"

"ಹೋಗುತ್ತೆ. ಮಣ್ಣು ರಸ್ತೆಗೆ ಬರಲ್ಲ, ಹೊರೆ ಮುಟ್ಟಲ್ಲ. ಡಾಂಬರಿನ ಮೇಲೆ ಬೈಕಿದ್ರೆ ಮಾತ್ರ ಎಲ್ಲಿಂದ್ಲಾದ್ರೂ ಎತ್ಕೊಳ್ತಾರೆ."

"ಹೂಂ." ಅವನು ಬಲಮಂಡಿ ತಿಕ್ಕಿಕೊಂಡ. "ಆ ಏರು ನನ್ನ ಕಾಲಿಗೂ ಆಗಲ್ಲ ಈಗ. ಅಂದ್ರೆ ಒಳಗಿಂದ ಡಾಂಬರಿಗೆ ನಾವು, ಡಾಂಬರಿಂದ ಗ್ಯಾರೇಜಿಗೆ ಅವರು. ಭಾನುವಾರ ಸಭೆ ಇದೆ. ಬಂದು ಇದನ್ನ ಎಲ್ಲರಿಗೂ ಬಿಡಿಸಿ ಹೇಳು. ಯಾವುದು ಕೊಡ್ತಾರೆ, ಯಾವುದು ಕೊಡಲ್ಲ, ಎಲ್ಲ."

"ನಾನು ಬಂದ್ರೆ ಬೈತಾರೆ ಮಾಮ."

"ಬೈತಾರೆ. ಬೈಸ್ಕೋ. ನನ್ನನ್ನೂ ಬೈತಾರೆ, ಸಂಘ ಬಿಟ್ಟವಳ ಹಿಂದೆ ಯಾಕೆ ಹೋದೆ ಅಂತ. ಪಕ್ಕಪಕ್ಕದಲ್ಲೇ ಕೂತು ಬೈಸ್ಕೊಳ್ಳೋಣ."

"ಯಾರಾದ್ರೂ ಹಸು ಗಿಸು ಅಂದ್ರೆ?"

"ಅಲ್ಲಿ ನಾನು ಬೈಕ್ ತಳ್ತಾ ಇರಲ್ಲವಲ್ಲ," ಎಂದ ಮಕೋರಿ, ಅಂಗೈ ಅಗಲಿಸಿ ತೋರಿಸುತ್ತ. "ಕೈ ಕಾಲು ಎರಡೂ ಖಾಲಿ ಇರುತ್ತೆ."

ಬೊಸಿಬೊರಿ ಈ ಸಲ ತಡೆದುಕೊಳ್ಳದೆ ಗಟ್ಟಿಯಾಗಿ ನಕ್ಕಳು. ಕೆಂಡದ ಮಡಕೆಯ ಪಕ್ಕ ಮಂಡಿಯೂರಿದ್ದ ಅಜ್ಜಿ ತಿರುಗಿ ನೋಡದೆಯೇ ಹಿಂದಕ್ಕೆ ಕೈ ಬೀಸಿದಳು.

"ಶ್... ಮೆಲ್ಲಗೆ ಕಣ್ರೇ. ಈಗ ತಾನೇ ಮಲಗಿವೆ."