ಇನ್ನೂರ ನಲವತ್ತು ಇಟ್ಟಿಗೆ

ಆ ಮನೆಯಲ್ಲಿ ಸಂಜೆಯಾದರೆ ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಬಲ್ಬು ಉರಿಯುವಲ್ಲಿಗೆ ಮನೆಮಂದಿ ಹೋಗಬೇಕೇ ಹೊರತು ಮನೆಮಂದಿ ಹೋದಲ್ಲೆಲ್ಲ ಬಲ್ಬು ಉರಿಯುವ ಹಾಗಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿದ್ದರೆ ಮಗಳು ಪುಸ್ತಕ ಎತ್ತಿಕೊಂಡು ಅಲ್ಲಿಗೇ ಬರುತ್ತಿದ್ದಳು, ಅಪ್ಪ ಪೇಪರು ಹಿಡಿದು ಬಾಗಿಲಲ್ಲಿ ಕೂರುತ್ತಿದ್ದ. ಊಟ ಮುಗಿದು ಅಮ್ಮನ ಹೊಲಿಗೆ ಶುರುವಾದರೆ ಮೂವರೂ ಮೆರವಣಿಗೆ ಹೊರಟು ಮುಂದಿನ ಕೋಣೆಗೆ ಬರುತ್ತಿದ್ದರು. ನೋಡಿದವರು ಎಂಥ ಅನ್ಯೋನ್ಯ ಸಂಸಾರ ಅನ್ನುತ್ತಿದ್ದರು. ಅನ್ಯೋನ್ಯ ಇಲ್ಲವೆಂದಲ್ಲ, ಆದರೆ ಅದರಲ್ಲಿ ಕರೆಂಟು ಬಿಲ್ಲಿನ ಪಾಲೂ ಇತ್ತು.

ಗಂಡ ಮನೆಮನೆ ತಿರುಗಿ ಕರೆಂಟು ಮೀಟರು ಓದುವವನು. ಬೀದಿಗೆಲ್ಲ ಮೀಟರಣ್ಣ. ಊರವರ ಮೀಟರನ್ನು ತಿಂಗಳಿಗೊಮ್ಮೆ ಓದಿದರೆ ತನ್ನ ಮನೆಯದನ್ನು ದಿನಾ ಸಂಜೆ, ಚಪ್ಪಲಿ ಬಿಡುವುದಕ್ಕೂ ಮುಂಚೆ ಓದಿ, "ಇವತ್ತು ಒಂದೂವರೆ ಯೂನಿಟ್ಟು!" ಎಂದು ಒಳಗಿನವರಿಗೆ ಕೇಳುವಂತೆ ಕೂಗುತ್ತಿದ್ದ. ಹೆಂಡತಿ ಟೈಲರಮ್ಮ. ಹೊಸ ಬಟ್ಟೆ ಹೊಲಿಯುವ ದೊಡ್ಡಸ್ತಿಕೆಯೆಲ್ಲ ಅವಳಿಗಿರಲಿಲ್ಲ. ಹಳೆಯದನ್ನು ಹಿಗ್ಗಿಸುವುದು, ಕುಗ್ಗಿಸುವುದು, ಜಿಪ್ ಬದಲಿಸುವುದು, ಸವೆದ ಕಾಲರನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಮತ್ತೆ ಕೂರಿಸುವುದು ಅವಳ ಕಸುಬು. ಗಂಡನ ಅಂಗಿಗಳ ಕಾಲರು ಎರಡೆರಡು ಸಲ ತಿರುಗಿ ಇನ್ನು ಯಾವ ಕಡೆಗೂ ತಿರುಗಲಾರದೆ ಕೈಚೆಲ್ಲಿದ್ದವು.

ಮನೆಸಾಲ ಮಂಜೂರಾದ ದಿನ, ಬಟ್ಟೆಯ ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಅವಳು ಒಂದು ಮನೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಳು. ಇಪ್ಪತ್ತು ವರ್ಷದ ಸಾಲ, ತಿಂಗಳಿಗೊಂದು ಕಂತು, ಇನ್ನೂರ ನಲವತ್ತು ಇಟ್ಟಿಗೆ. ಸ್ಕೇಲು ಹಿಡಿದು ಒಂದೊಂದನ್ನೂ ಅಳೆದು ಗೆರೆ ಹಾಕಿದ್ದಳು. ಕಂತು ಕಟ್ಟಿದ ದಿನ ಒಂದು ಇಟ್ಟಿಗೆಗೆ ಕೆಂಪು ಬಣ್ಣ, ಅಂಚಿನಲ್ಲಿ ಸಣ್ಣದಾಗಿ ತಿಂಗಳು. ಅಡುಗೆಮನೆಯ ಬಿಸ್ಕತ್ತು ಡಬ್ಬಿಯಲ್ಲಿ ಉಳಿತಾಯ ಕೂಡಿ ಇನ್ನೊಂದು ಕಂತಿನಷ್ಟಾದರೆ ಇನ್ನೊಂದಕ್ಕೆ. ಬ್ಯಾಂಕಿನ ಲೆಕ್ಕ ಹಾಗಿರಲ್ಲ ಕಣೇ, ಬಡ್ಡಿ ಗಿಡ್ಡಿ ಬೇರೆ ಇರತ್ತೆ ಎಂದು ಗಂಡ ಆಗಲೇ ಹೇಳಿದ್ದ. "ಬ್ಯಾಂಕಿನ ಲೆಕ್ಕ ನೀವು ನೋಡ್ಕೊಳ್ಳಿ, ಗೋಡೆ ಲೆಕ್ಕ ನಾನು ನೋಡ್ಕೋತೀನಿ" ಎಂದಿದ್ದಳು. ಬ್ಯಾಂಕು ಅವನ ಆಫೀಸಿನ ದಾರಿಯಲ್ಲೇ ಇತ್ತು. ಹಾಗಾಗಿ ಕಂತೂ ಡಬ್ಬಿಯ ದುಡ್ಡೂ ಅವನ ಕೈಯಿಂದಲೇ ಹೋಗುತ್ತಿದ್ದವು.

ಹೊಟ್ಟೆಬಟ್ಟೆ ಕಟ್ಟಿ ಎನ್ನುವ ಮಾತು ಕೆಲವರ ಬಾಯಲ್ಲಿ ಬರೀ ಮಾತು, ಇವರ ಮನೆಯಲ್ಲಿ ಅದು ದಿನಚರಿ. ಟೀಪುಡಿಗೆ ಎರಡು ಜನ್ಮ. ಸೋಪು ಸವೆದು ಬಿಲ್ಲೆಯಾದರೆ ಹೊಸ ಸೋಪಿನ ಬೆನ್ನಿಗೆ ಅಂಟಿಕೊಂಡು ಮತ್ತೆ ಹದಿನೈದು ದಿನ ಬದುಕುತ್ತಿತ್ತು. ಮಗಳ ಸ್ಕೂಲಿನಿಂದ ಮಕ್ಕಳೆಲ್ಲ ಸಮುದ್ರ ನೋಡಲು ಹೊರಟಾಗ ಮಗಳೇ, ಯಾರೂ ಕೇಳುವ ಮೊದಲೇ, "ನಂಗೆ ಬಸ್ಸಲ್ಲಿ ವಾಂತಿ ಬರತ್ತೆ, ನಾನು ಹೋಗಲ್ಲ" ಎಂದುಬಿಟ್ಟಿದ್ದಳು. ಅವಳಿಗೆ ಯಾವ ಬಸ್ಸಿನಲ್ಲೂ ಯಾವತ್ತೂ ವಾಂತಿ ಬಂದದ್ದಿಲ್ಲ. ಆ ತಿಂಗಳು ಒಂದು ಇಟ್ಟಿಗೆ ಹೆಚ್ಚು ತುಂಬಿತು. ಆ ಇಟ್ಟಿಗೆಯ ಮೂಲೆಯಲ್ಲಿ ತಾಯಿ ಸಣ್ಣದಾಗಿ ಒಂದು ಅಲೆ ಬರೆದಿಟ್ಟಳು.

ಹಲ್ಲಿನ ಕತೆ ಆದದ್ದು ಎರಡು ವರ್ಷದ ಹಿಂದೆ. ಟೈಲರಮ್ಮನ ಮೇಲಿನ ಸಾಲಿನಲ್ಲಿ, ನಕ್ಕರೆ ಎದ್ದು ಕಾಣುವ ಜಾಗದ ಹಲ್ಲು ಹುಳುಕು ಹಿಡಿದು ಪ್ರಾಣ ಹಿಂಡತೊಡಗಿತು. ಡಾಕ್ಟರು ನೋಡಿ, ಬೇರು ಕ್ಲೀನ್ ಮಾಡಿ ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆ, ಇಷ್ಟು ಖರ್ಚು. ಕೀಳಿಸಿದರೆ ಪುಡಿಗಾಸಿನಲ್ಲಿ ಮುಗಿಯುತ್ತದೆ ಎಂದರು. ಅವಳು ಕೆನ್ನೆ ಹಿಡಿದುಕೊಂಡೇ ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ಗಂಡನನ್ನು ಏನು ಮಾಡೋಣ ಎಂದು ಕೇಳಿದಳು. ಅವನು ನೆಲ ನೋಡುತ್ತ, "ನಿನ್ನಿಷ್ಟ. ಆರು ಇಟ್ಟಿಗೆ ಹೋಗತ್ತೆ, ಅಷ್ಟೆ" ಎಂದ. ಅವಳು ಒಳಗೆ ಹೋಗಿ ಕಿತ್ತುಬಿಡಿ ಎಂದಳು. ಅಲ್ಲಿಂದಾಚೆಗೆ ನಗುವಾಗೆಲ್ಲ ಅಂಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು, ಎದುರಿಗಿದ್ದವರ ಮುಖದಲ್ಲಿ ಮೊದಲು ಕಾಣುವುದು ಅವರ ಹಲ್ಲೇ ಆಗಿಬಿಟ್ಟಿತ್ತು. ಸಾಲ ತೀರಿದ ಮರುದಿನವೇ ಹೊಸ ಹಲ್ಲು ಕಟ್ಟಿಸಿಕೊಳ್ಳುವುದು ಎಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಹೀಗೆ ಹನ್ನೊಂದು ವರ್ಷಕ್ಕೆ ಇನ್ನೂರ ಮೂವತ್ತೊಂಬತ್ತು ಇಟ್ಟಿಗೆ ಕೆಂಪಾಗಿ, ಮಾಡಿನ ತುದಿಯಲ್ಲಿ ಒಂದೇ ಒಂದು ಉಳಿಯಿತು. ಆ ಬುಧವಾರ ಡಬ್ಬಿಯ ದುಡ್ಡು ಅದಕ್ಕೂ ಸಾಕಾಯಿತು. ಗಂಡನ ಕೈಗೆ ಕೊಟ್ಟು ಕಳಿಸುವುದು ರೂಢಿ. ಆದರೆ ಅವಳಿಗೆ ಅಂದು ಹುಮ್ಮಸ್ಸು ಬಂದಿತ್ತು. ತಾನೇ ಹೋಗಿ ಕಟ್ಟಿ, ಮನೆಯ ಪತ್ರ ಬಿಡಿಸಿಕೊಂಡು ಬಂದು, ಊಟಕ್ಕೆ ಕೂತವನ ತಟ್ಟೆಯ ಮುಂದೆ ಇಟ್ಟುಬಿಡಬೇಕು. ಅವನ ಮುಖ ಹೇಗಾಗಬಹುದು ಎಂದು ಯೋಚಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದು ನಗುತ್ತ ಹೋದಳು.

ಕೌಂಟರಿನಲ್ಲಿದ್ದ ಹುಡುಗಿಯ ಹಲ್ಲುಗಳು ಪೋಣಿಸಿಟ್ಟ ಹಾಗಿದ್ದವು. ಆಕೆ ಸಾಲದ ನಂಬರು ಒತ್ತಿ, ಒಮ್ಮೆ ಪರದೆ ನೋಡಿ, ಒಮ್ಮೆ ಡಬ್ಬಿ ನೋಡಿದಳು.

"ಅಮ್ಮಾ, ಈ ಸಾಲ ಕ್ಲೋಸ್ ಆಗಿದೆ."

"ಇನ್ನೂ ಇಲ್ಲಮ್ಮ, ಇವತ್ತು ಆಗತ್ತೆ. ಅದಕ್ಕೇ ಬಂದಿದೀನಿ."

"ಇವತ್ತಲ್ಲ ಅಮ್ಮ, ಮೂರು ವರ್ಷದ ಹಿಂದೇನೇ ಆಗಿದೆ. ಉಳಿದಿದ್ದನ್ನೆಲ್ಲ ಒಟ್ಟಿಗೆ ಕಟ್ಟಿದಾರೆ."

"ಇನ್ನೊಂದ್ಸಲ ನೋಡಮ್ಮ. ಬೇರೆ ಯಾರದ್ದೋ ಇರಬೇಕು."

ಹುಡುಗಿ ಪಾಪ, ಎದ್ದು ಹೋಗಿ ಕಡತವನ್ನೇ ತಂದಳು. ಮನೆಪತ್ರ ವಾಪಸು ಪಡೆದ ರಸೀದಿಯಲ್ಲಿ ಎರಡು ಸಹಿಗಳಿದ್ದವು. "ನಿಮ್ದೇ ಅಲ್ವಾ ಇದು?" ಎಂದು ಎರಡನೆಯದರ ಮೇಲೆ ಬೆರಳಿಟ್ಟಳು. ಟೈಲರಮ್ಮ ಬಗ್ಗಿ ನೋಡಿದಳು. ಸಹಿ ಅವಳದ್ದೇ. ಕೊನೆಯ ಅಕ್ಷರ ಅಂಕುಡೊಂಕಾಗಿ ಕೆಳಗಿಳಿದಿತ್ತು, ಹೊಲಿಗೆ ಮಿಷಿನ್ನಿನ ಹಲಗೆಯ ಮೇಲೆ ಬರೆದರೆ ಮಾತ್ರ ಹಾಗಾಗುವುದು.

ನೆನಪಾಯಿತು. ಯಾರದ್ದೋ ಕೋಟಿನ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು. ನಾಲ್ಕೈದು ಸೂಜಿಗಳು ತುಟಿಗಳ ನಡುವೆ ಇದ್ದವು. ಗಂಡ ಬಂದು, "ಬ್ಯಾಂಕಿಂದು, ಎಂದಿನ ಕಾಗದ, ಇಲ್ಲೊಂದು ಹಾಕು" ಎಂದು ಪೆನ್ನು ಕೊಟ್ಟಿದ್ದ. ಬಾಯಲ್ಲಿ ಸೂಜಿ ಇಟ್ಟುಕೊಂಡು ಏನೆಂದು ಕೇಳುವುದು? ಕೇಳುವ ಅಗತ್ಯವೂ ಕಂಡಿರಲಿಲ್ಲ. ಕಟ್ಟಿಕೊಂಡ ಗಂಡ ತಂದ ಕಾಗದವನ್ನು ಯಾರಾದರೂ ಓದುತ್ತಾರೆಯೇ? ಹೂಂಗುಟ್ಟಿ ಸಹಿ ಹಾಕಿ ಕೋಟಿನ ಕಡೆ ತಿರುಗಿದ್ದಳು.

ಮನೆಗೆ ನಡೆದು ಬರುವಾಗ ತಲೆಯೊಳಗೆ ಏನೇನೋ ಹರಿದಾಡಿತು. ಇಸ್ಪೀಟೇ? ಕುಡಿತವೇ? ಇನ್ನೊಬ್ಬಳೇ? ತಿರುಗಿಸಿದ ಕಾಲರಿನ ಗಂಡಸನ್ನು ಯಾವಳು ತಿರುಗಿ ನೋಡುತ್ತಾಳೆ ಎಂದುಕೊಂಡಳು. ಅಂಥ ಹೊತ್ತಿನಲ್ಲೂ ನಗು ಬಂತು, ಕೈ ಬಾಯಿಗೆ ಹೋಯಿತು. ಹೋದ ಕೈಯನ್ನು ಕೆಳಗಿಳಿಸಿದಳು. ಆಮೇಲೆ ಅವಳಿಗೆ ನಗು ಬರಲಿಲ್ಲ.

ಮನೆಗೆ ಬಂದವಳು ಕಾಗದದ ಮನೆಯ ಮುಂದೆ ನಿಂತು, ಮೂರು ವರ್ಷದ ಹಿಂದಿನ ಆ ತಿಂಗಳನ್ನು ಹುಡುಕಿ ಅಲ್ಲಿಂದ ಮೇಲಕ್ಕೆ ಎಣಿಸಿದಳು. ಐವತ್ಮೂರು ಇಟ್ಟಿಗೆ. ಅಲೆ ಬರೆದ ಇಟ್ಟಿಗೆ ಆ ಐವತ್ಮೂರರಲ್ಲೇ ಇತ್ತು. ಆಗಲೇ ತಮ್ಮದಾಗಿದ್ದ ಮನೆಗೆ ಐವತ್ಮೂರು ಸಲ ಬಣ್ಣ ಬಿದ್ದಿತ್ತು. ಅದಕ್ಕಿಂತ ಉರಿದದ್ದು ಇನ್ನೊಂದು: ಅವುಗಳಲ್ಲಿ ಏಳೆಂಟಕ್ಕೆ ಗಂಡನೇ, "ಇವತ್ತು ನಾನು ಹಚ್ತೀನಿ ಕೊಡು" ಎಂದು, ಗೆರೆ ದಾಟದಂತೆ, ನಾಲಿಗೆ ಕಚ್ಚಿಕೊಂಡು ಬಣ್ಣ ಹಚ್ಚಿದ್ದ. ಯಾರೂ ಅವನನ್ನು ಹಚ್ಚು ಎಂದಿರಲಿಲ್ಲ. ಕಿವಿಗೆ ಹೂವಿಡುವವರುಂಟು, ಇಟ್ಟ ಹೂವಿಗೆ ದಿನಾ ನೀರು ಚಿಮುಕಿಸುವವನನ್ನು ಅವಳು ಕಂಡಿರಲಿಲ್ಲ.

ಅವಳು ಹೋಗಿ ಮನೆಯ ಲೈಟುಗಳನ್ನೆಲ್ಲ ಹಾಕಿದಳು. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ಹಿತ್ತಲು. ಹೊರಗೆ ಇನ್ನೂ ಬಿಸಿಲಿತ್ತು. ಹಿತ್ತಲಿನ ಬಲ್ಬಂತೂ ಉರಿಯುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.

ಮೊದಲು ಬಂದವಳು ಮಗಳು. ಚೀಲ ಇಳಿಸುವ ಮುಂಚೆಯೇ, ಏನೊಂದೂ ಕೇಳದೆ, ಕೋಣೆ ಕೋಣೆಗೆ ಹೋಗಿ ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದಳು. ಹದಿನೇಳು ವರ್ಷದ ಹುಡುಗಿ. ತಾಯಿ ಅವಳ ಹಿಂದೆಯೇ ಹೋಗಿ ಆರಿಸಿದ್ದನ್ನೆಲ್ಲ ಮತ್ತೆ ಹಾಕಿದಳು.

"ಆರಿಸ್ಬೇಡ ಪುಟ್ಟಾ, ಇರಲಿ."

"ಅಪ್ಪ ಬೈತಾರಮ್ಮ."

"ಬೈಲಿ. ಇವತ್ತು ಬೈಯೋದನ್ನ ನಾನೂ ಕೇಳ್ಬೇಕು."

ಮೀಟರಣ್ಣ ಬಂದ. ಎಂದಿನಂತೆ ಮೀಟರಿನ ಮುಂದೆ ನಿಂತ. ಕೂಗು ಬರಲಿಲ್ಲ. ಚಪ್ಪಲಿ ಸಮೇತ ಒಳಗೆ ನುಗ್ಗಿ, "ಏನಿದು ಮದುವೆ ಮನೆ ಥರ? ಮೀಟ್ರು ಓಡ್ತಾ ಇದೆ ಅಲ್ಲಿ!" ಎಂದ. ಮೇಜಿನ ಮೇಲಿನ ಡಬ್ಬಿ ಕಂಡಿತು. ಪಕ್ಕದಲ್ಲಿ ಬ್ಯಾಂಕಿನ ಹುಡುಗಿ ಕೊಟ್ಟ ರಸೀದಿಯ ನಕಲು ಕಂಡಿತು. ಅವನು ಗೋಡೆಗೆ ಕೈಯೂರಿ ಚಪ್ಪಲಿ ಬಿಟ್ಟ.

"ಹೇಳೋಣ ಅಂತಾನೇ ಇದ್ದೆ" ಎಂದ.

"ಮೂರು ವರ್ಷದಿಂದಾನಾ?"

"ಆವಾಗ ಆಫೀಸಿಂದ ಸಂಬಳದ ಹಳೇ ಬಾಕಿಯೆಲ್ಲ ಒಟ್ಟಿಗೆ ಬಂತು. ಕಟ್ಟಿಬಿಟ್ಟೆ. ನಿನಗೆ ಹೇಳ್ಬೇಕು ಅಂತಾನೇ ಬಂದೆ. ನೀನು ಡಬ್ಬಿ ಮುಂದಿಟ್ಕೊಂಡು ಕೂತಿದ್ದೆ. ಎಷ್ಟು ಚೆನ್ನಾಗಿ ಉಳಿಸ್ತಿದ್ದೆ ನೀನು! ಸಾಲ ತೀರ್ತು ಅಂದ್ರೆ ಎಲ್ಲರ ಕೈನೂ ಸಡಿಲ ಆಗತ್ತೆ, ಇವಳದ್ದೊಂದು ಆಸೆ, ನಿನ್ನದೊಂದು ಆಸೆ. ನಡೀತಾ ಇರೋದನ್ನ ನಿಲ್ಸೋಕೆ ಮನಸ್ಸೇ ಬರಲಿಲ್ಲ." ಹೇಳುತ್ತ ಹೋದ ಹಾಗೆ ಅವನಿಗೆ ಧೈರ್ಯ ಬಂತು. "ಒಂದು ಕಾಸೂ ಹಾಳು ಮಾಡಿಲ್ಲ ಕಣೇ. ಎಲ್ಲಾ ಡಿಪಾಸಿಟ್ಟಲ್ಲಿದೆ. ಪಾಸ್‌ಬುಕ್ಕು ತೋರಿಸ್ಲಾ?"

ತೋರಿಸಿಯೂ ತೋರಿಸಿದ. ಅವನ ಮುಖದಲ್ಲಿ ಅಳುಕಿನ ಜೊತೆಗೆ ಸಣ್ಣ ಹೆಮ್ಮೆಯೂ ಇತ್ತು. ಆ ಹೆಮ್ಮೆ ನೋಡಿ ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಇಸ್ಪೀಟಾಡಿ ಕಳೆದಿದ್ದರೆ ವಾಸಿಯಿತ್ತು, ಹಿಡಿಶಾಪ ಹಾಕಿ ಅತ್ತು ಹಗುರಾಗಬಹುದಿತ್ತು. ಇವನು ಕದ್ದದ್ದು ದುಡ್ಡನ್ನಲ್ಲ, ಸಾಲವಿಲ್ಲದ ಮೂರು ವರ್ಷವನ್ನು. ಅದಕ್ಕೆ ಯಾವ ಪಾಸ್‌ಬುಕ್ಕೂ ಇರಲಿಲ್ಲ.

"ದುಡ್ಡಿನ ವಿಷ್ಯ ನಾನು ಕೇಳಿಲ್ಲ" ಎಂದಳು. "ಒಂದೇ ಒಂದು ಕೇಳ್ತೀನಿ. ಹಲ್ಲು ಕೀಳಿಸಿದ ದಿನ ನೀವು ಹೊರಗಡೆ ಬೆಂಚಿನ ಮೇಲೆ ಕೂತಿದ್ರಿ. ನಾನು ಬಂದು ಕೇಳ್ದೆ. ಆರು ಇಟ್ಟಿಗೆ ಹೋಗತ್ತೆ ಅಂದ್ರಿ. ಆವಾಗ ನಿಮಗೆ ಗೊತ್ತಿತ್ತಲ್ವಾ?"

ಅವನು ಪಾಸ್‌ಬುಕ್ಕಿನ ಹಾಳೆ ಮಡಿಸಿದ, ಬಿಡಿಸಿದ. ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದ.

"ಮೊನ್ನೆ ಮೊನ್ನೆವರೆಗೂ ನಾನು ಬಾಯಿ ಮುಚ್ಕೊಂಡು ನಗೋದನ್ನ ನೋಡ್ತಾನೇ ಇದ್ರಿ."

"ನಾಳೇನೇ ಹೋಗಿ ಕಟ್ಟಿಸ್ಕೋ. ಎಷ್ಟಾದ್ರೂ ಆಗ್ಲಿ."

"ಕಟ್ಟಿಸ್ಕೋತೀನಿ. ಅದಕ್ಕೆ ನಿಮ್ಮನ್ನ ಕೇಳೋದು ನಿಂತುಹೋಯ್ತು."

ಆಮೇಲೆ ಆ ಮನೆಯಲ್ಲಿ ಯಾರೂ ಬಲ್ಬಿನ ಹಿಂದೆ ಹೋಗಲಿಲ್ಲ. ಮಗಳು ತನ್ನ ಕೋಣೆಯಲ್ಲಿ ಓದಿದಳು, ಟೈಲರಮ್ಮ ಮುಂದಿನ ಕೋಣೆಯಲ್ಲಿ ಹೊಲಿದಳು. ಮೀಟರಣ್ಣ ಅಡುಗೆಮನೆಯ ಬಾಗಿಲಲ್ಲಿ ಪೇಪರು ಹಿಡಿದು ಒಬ್ಬನೇ ಕೂತ. ಮೂರು ಕೋಣೆಯಲ್ಲೂ ಬೆಳಕಿತ್ತು. ಸಂಜೆ ಬಂದಾಗ ಅವನು ಮೀಟರು ನೋಡುತ್ತಿದ್ದನೋ ಏನೋ, ಕೂಗುವುದನ್ನಂತೂ ಬಿಟ್ಟ. ಟೈಲರಮ್ಮ ದಂತವೈದ್ಯರಲ್ಲಿಗೆ ಮಗಳನ್ನು ಕರೆದುಕೊಂಡು ಹೋಗಿ ಅಳತೆ ಕೊಟ್ಟು ಬಂದಳು. ಗೋಡೆಯ ಮೇಲಿನ ಕೊನೆಯ ಇಟ್ಟಿಗೆ ಹಾಗೇ ಖಾಲಿ ಉಳಿಯಿತು.

ಹತ್ತು ದಿನ ಕಳೆದು ಒಂದು ಸಂಜೆ ಅವನು ನಾಲ್ಕು ಹಾಳೆಯ ಕಾಗದ ಹಿಡಿದು ಬಂದು ಅವಳ ಮಿಷಿನ್ನಿನ ಪಕ್ಕ ನಿಂತ. ಅವಳು ಪಕ್ಕದ ಮನೆಯವರ ಕೋಟು ಚಿಕ್ಕದು ಮಾಡುತ್ತಿದ್ದಳು, ಬಾಯಲ್ಲಿ ಸೂಜಿಗಳಿದ್ದವು. "ಡಿಪಾಸಿಟ್ಟು ಪೂರ್ತಿ ನಿನ್ನ ಹೆಸರಿಗೆ ಮಾಡಿಸಿದೀನಿ. ನನ್ನ ಹೆಸರೇ ಇಲ್ಲ ಅದರಲ್ಲಿ" ಎಂದ. ದನಿಯಲ್ಲಿ ಸುಳ್ಳಿರಲಿಲ್ಲ. "ಇಲ್ಲೊಂದು ಸಹಿ ಹಾಕು" ಎಂದು ಹಲಗೆಯ ಮೇಲೆ ಹಾಳೆಗಳನ್ನಿಟ್ಟು ಪೆನ್ನು ಚಾಚಿದ.

ಟೈಲರಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಯ ಪುಟ್ಟ ದಿಂಬಿಗೆ ಚುಚ್ಚಿದಳು. ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು. ಇನ್ನೊಂದು ಲೈಟು ಹಾಕಿದಳು. ಮೊದಲ ಹಾಳೆಯನ್ನು ಎತ್ತಿಕೊಂಡು, ಮೊದಲ ಸಾಲಿನಿಂದ, ಸಣ್ಣ ಅಕ್ಷರಗಳನ್ನೂ ಬಿಡದೆ, ತುಟಿ ಅಲುಗಿಸುತ್ತ ಓದತೊಡಗಿದಳು. ಅವಳು ಎರಡನೇ ಹಾಳೆ ತಿರುವಿದಾಗಲೂ ಅವನು ಪೆನ್ನು ಹಿಡಿದು ನಿಂತೇ ಇದ್ದ.