ರೊಟ್ಟಿ ಉಂಡ ಕೌದಿ

ನಾನು ಒಂದು ಕೌದಿ. ಹಳೆಯ ಸೀರೆ, ಧೋತರ, ಲಂಗಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಹಾಸಿಗೆ. ನನ್ನ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾರೆ. ಅಂಚಿನ ಹಸಿರು ಸೀರೆ ನನಗಿಂತ ಎಷ್ಟೋ ವರ್ಷ ಹಿರಿಯದು, ನಡುವಿನ ಹಳದಿ ಲಂಗ ಅದಕ್ಕಿಂತ ಕಿರಿಯದು. ಅವೆಲ್ಲ ಕೂಡಿ ನಾನಾದದ್ದು ಗದಗಿನ ಒಂದು ಮನೆಯ ಕಟ್ಟೆಯ ಮೇಲೆ, ಫಕ್ಕೀರವ್ವನ ಸೂಜಿಯಿಂದ.

ಫಕ್ಕೀರವ್ವ ಓಣಿ ಓಣಿ ತಿರುಗಿ ಕೌದಿ ಹೊಲಿದುಕೊಡುವವಳು. ಹನ್ನೊಂದು ದಿನ ನನ್ನ ಮೇಲೆಯೇ ಕುಳಿತು ನನ್ನನ್ನು ಹೊಲಿದಳು. ಕೊನೆಯ ದಿನ ಮನೆಯವರನ್ನು ಕೂಗಿ, “ಒಂದ್ ಚೂರು ರೊಟ್ಟಿ ಕೊಡ್ರಿ ಯವ್ವಾ. ಹಸದ ಕೌದಿ ಮ್ಯಾಲೆ ಮಲಗಿದ್ರ ನಿದ್ದಿ ಹತ್ತಂಗಿಲ್ಲ” ಎಂದಳು. ಬೆರಳಗಲದ ಜೋಳದ ರೊಟ್ಟಿಯನ್ನು ನನ್ನ ನಟ್ಟನಡುವೆ, ಹಳದಿ ತುಂಡಿನ ಕೆಳಗಿಟ್ಟು ಹೊಲಿಗೆ ಮುಚ್ಚಿದಳು. ಅದೇ ನನ್ನ ಮೊದಲ ಊಟ.

ಆ ಮನೆಯ ಮಕ್ಕಳು ನನ್ನ ಮೇಲೆ ಮಲಗಿ ದೊಡ್ಡವರಾದರು. ಆಮೇಲೆ ಮಂಚ ಬಂತು, ಮೆತ್ತನೆಯ ಗಾದಿ ಬಂತು. ನಾನು ಅಟ್ಟ ಸೇರಿದೆ. ಅಲ್ಲಿ ಎಷ್ಟು ವರ್ಷ ಮಲಗಿದ್ದೆನೋ ತಿಳಿಯದು. ಒಂದು ದಿನ ಕೆಳಗೆ ಯಾರದೋ ದನಿ ಕೇಳಿಸಿತು. “ಮುದಿ ನಾಯಿ ಒಯ್ಯಾಕ ಆಗದಿದ್ರ ಬ್ಯಾಡ ಬಿಡ್ರಿ. ಅವಕ್ಕ ಒಂದು ಹಳೇ ಹಾಸಿಗಿನರ ಕೊಡ್ರಿ.”

ಅವನೇ ದಾದಾಪೀರ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ವಯಸ್ಸಾಯಿತೆಂದು ಜನ ಬಿಟ್ಟುಹೋದ ನಾಯಿಗಳನ್ನು ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಸಾಕುತ್ತಿದ್ದ. ಸಾಧ್ಯವಾದರೆ ಅವಕ್ಕೆ ಮನೆ ಹುಡುಕುತ್ತಿದ್ದ. ಮನೆ ಕೊಡಲಾಗದವರು ಔಷಧಿಯನ್ನೋ ಅಕ್ಕಿಯನ್ನೋ ಕೊಡುತ್ತಿದ್ದರು. ನನ್ನನ್ನು ಕೊಟ್ಟವರು ಅಂಥವರು.

ನಿಜ ಹೇಳಬೇಕು. ನಾಯಿಯ ಹಾಸಿಗೆಯಾಗುವುದು ನನಗೆ ಮೊದಲು ಅವಮಾನ ಅನಿಸಿತ್ತು. ಬಂಗಾರಿ ನನ್ನ ಮೇಲೆ ಮಲಗುವವರೆಗೆ ಮಾತ್ರ.

ಬಂಗಾರಿಗೆ ಹದಿಮೂರು ವರ್ಷ. ಎರಡೂ ಕಣ್ಣಿಗೆ ಪೊರೆ. ಮೊದಲು ಹತ್ತಿ ಗಿರಣಿಯೊಂದನ್ನು ಕಾಯುತ್ತಿದ್ದಳು. ಗಿರಣಿ ಮುಚ್ಚಿದ ದಿನ ಗೇಟಿಗೆ ಬೀಗ ಬಿತ್ತು, ಅವಳು ಹೊರಗುಳಿದಳು. ಎಚ್ಚರವಿದ್ದಾಗ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ನಿದ್ದೆ ಹತ್ತಿದರೆ ಓಡುತ್ತಿದ್ದಳು. ನಾಲ್ಕೂ ಕಾಲು ನನ್ನ ಮೇಲೆ ಸಣ್ಣಗೆ ಮಿಡಿಯುತ್ತಿದ್ದವು. ಅವಳ ಕನಸು ಬೆವರಿನಂತೆ ನನ್ನೊಳಗೆ ಇಳಿಯುತ್ತಿತ್ತು. ಗಾಳಿಯ ತುಂಬ ಹತ್ತಿ ತೇಲುತ್ತಿತ್ತು. ಅವಳು ಬಾಯಿ ತೆರೆದು ಅದನ್ನು ಹಿಡಿಯಲು ಹಾರುತ್ತಿದ್ದಳು.

ದಾದಾಪೀರನದೊಂದು ನಿಯಮವಿತ್ತು. ನಾಯಿಯ ಜೊತೆಗೆ ಅದರ ಹಾಸಿಗೆಯೂ ಹೋಗಬೇಕು, ತೊಳೆಯದೆ. ಹೊಸ ಮನೆಯಲ್ಲಿ ಕುರುಡು ನಾಯಿಗೆ ಗೊತ್ತಿರುವುದು ಅದೊಂದೇ ವಾಸನೆ. ಹಾಗೆ ನಾವಿಬ್ಬರೂ ಎರಡು ಮನೆಗೆ ಹೋದೆವು, ಎರಡು ಸಲ ಮರಳಿದೆವು. ಒಂದು ಮನೆಯವರು, “ಮರಿ ಕೇಳಿದ್ರ ಮುತ್ತಜ್ಜಿನ ಕೊಟ್ಟೀಯಲ್ಲೋ ಮಾರಾಯಾ” ಎಂದು ನಕ್ಕರು. ಮರಳಿದಾಗಲೆಲ್ಲ ಬಂಗಾರಿ ಅನ್ನ ಮುಟ್ಟುತ್ತಿರಲಿಲ್ಲ. ಮೂರನೆಯ ಸಲ ಹೀಗಾದರೆ ಇವಳು ಉಳಿಯುವುದಿಲ್ಲ ಎಂದು ದನದ ಡಾಕ್ಟರು ಹೇಳಿದ್ದರು.

ಮೂರನೆಯ ಮನೆ ನೀಲಗಂಗವ್ವನದು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ, ಐವತ್ತು ದಾಟಿದ ಒಂಟಿ ಹೆಂಗಸು. “ಮರಿ ಬ್ಯಾಡಪ್ಪಾ, ಅದರ ಹಿಂದ ಓಡಾಕ ನನ್ನ ಮೊಣಕಾಲು ಕೇಳಂಗಿಲ್ಲ. ನನ್ನ ಹಂಗ ಕುಂತಲ್ಲೇ ಕುಂದರೋದು ಕೊಡು” ಎಂದು ಕೇಳಿ ಒಯ್ದಳು. ಒಲೆಯ ಪಕ್ಕದ ಮೂಲೆಯಲ್ಲಿ ನನ್ನನ್ನು ಹಾಸಿದಳು. ಬಂಗಾರಿ ಇಡೀ ದಿನ ರೊಟ್ಟಿಯ ಸದ್ದಿಗೆ ಕಿವಿ ಕೊಟ್ಟು ಮಲಗುತ್ತಿದ್ದಳು. ಒಂದು ತಿಂಗಳು ಎಲ್ಲವೂ ಚೆನ್ನಾಗಿತ್ತು.

ಆಗ ಮಹಾನವಮಿ ಬಂತು. ದೇವಿಯ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ತೊಳೆಯುವುದು ನಮ್ಮ ಕಡೆಯ ರೂಢಿ. ನೀಲಗಂಗವ್ವ ಎಲ್ಲದರ ಜೊತೆ ನನ್ನನ್ನೂ ಗಂಟು ಕಟ್ಟಿ ಕೆರೆಗೆ ಒಯ್ದಳು. ಸೋಪಿನ ಪುಡಿ ಹಾಕಿ ತುಳಿದಳು, ಕಲ್ಲಿಗೆ ಬಡಿದಳು. ನಡುವಿನ ಹೊಲಿಗೆ ಬಿಚ್ಚಿತು. ರೊಟ್ಟಿಯ ಉಳಿದಷ್ಟು ಪುಡಿಯೂ ನೀರಿನಲ್ಲಿ ಹೋಯಿತು.

ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಡಬಾರದು. ಆ ದಿನ ನನಗೆ ಸಂತೋಷವಾಗಿತ್ತು. ಬಿಸಿಲಿನಲ್ಲಿ ಹರಡಿಕೊಂಡು, ಹಸಿರು ಮತ್ತೆ ಹಸಿರಾದದ್ದನ್ನು ನೋಡುತ್ತ, ನಾನು ಹಳದಿ ಲಂಗವನ್ನು ಒಮ್ಮೆ ತೊಟ್ಟಿದ್ದ ಹುಡುಗಿಯ ಕನಸು ಕಾಣುತ್ತಿದ್ದೆ. ಅದೇ ಹೊತ್ತಿಗೆ ಬಂಗಾರಿ ಮನೆಯಲ್ಲಿ ನನ್ನನ್ನು ಹುಡುಕುತ್ತಿದ್ದಳು.

ಸಂಜೆ ನನ್ನನ್ನು ಹಾಸಿದಾಗ ಮೂಸಿದಳು, ಸೀನಿದಳು, ಸರಿದು ಹೋದಳು. ನಾನು ಇಲ್ಲೇ ಇದ್ದೇನೆ ಎಂದು ಹೇಳಲು ನನಗೆ ಬಾಯಿಲ್ಲ. ಎಲ್ಲೂ ಮಲಗದೆ ಗೋಡೆ ಗೋಡೆಗೆ ಹಾಯ್ದಳು, ಬಚ್ಚಲಿಗೆ ಬಿದ್ದಳು. ಎರಡು ದಿನ ತುತ್ತು ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ನೀಲಗಂಗವ್ವ ಫೋನು ಹಿಡಿದು, “ದಾದಾಪೀರಣ್ಣಾ, ನನ್ನ ಕೈಲೆ ಆಗಂಗಿಲ್ಲಪಾ. ಇದು ನನ್ನ ಕಣ್ಮುಂದ ಸತ್ರ ನಾ ತಡಕೊಳ್ಳಂಗಿಲ್ಲ. ಬಂದು ಒಯ್ಯಿ” ಎಂದಳು.

“ಕೌದಿ ಹಾಸೀರಿಲ್ಲೋ ಅಕ್ಕಾರ?”

“ಹಾಸೀನಪಾ. ಸ್ವಚ್ಛ ತೊಳದು ಹಾಸೀನಿ.”

“ತೊಳೀಬ್ಯಾಡ್ರಿ ಅಂತ ಹೇಳಿದ್ನೆಲ್ರೀ!”

“ಹಬ್ಬದಾಗ ಹೊಲಸ ಕೌದಿ ಇಟ್ಕೊಂಡು ಘಟ ಹೆಂಗ ಕೂಡ್ಸಲೋ?” ಎಂದವಳೇ ಅಳತೊಡಗಿದಳು.

“ಮಧ್ಯಾಹ್ನ ಬರ್ತೀನಿ” ಎಂದ ದಾದಾಪೀರ.

ಅವಳು ನನ್ನನ್ನು ಮಡಿಸಲು ಎತ್ತಿದಾಗ ನಡುವಿನ ಬಿಚ್ಚಿದ ಬಾಯಿ ಕಂಡಿತು. ಬೆರಳು ಹಾಕಿ ನೋಡಿದಳು. “ಅಯ್ಯ, ಹೊಟ್ಟಿ ಖಾಲಿ ಮಾಡೇನಲ್ಲ ನಿಂದು” ಎಂದಳು. ಆ ಮಾತು ನನಗೋ ಬಂಗಾರಿಗೋ ತಿಳಿಯಲಿಲ್ಲ. ಹಸಿದ ಕೌದಿಯನ್ನು ಮನೆಯಿಂದ ಕಳಿಸಬಾರದೆಂದು ಅವಳಿಗೂ ಗೊತ್ತಿತ್ತು. ಆಗಷ್ಟೇ ಬಡಿದ ರೊಟ್ಟಿಯ ಚೂರೊಂದನ್ನು ನನ್ನೊಳಗಿಟ್ಟು, ನನ್ನನ್ನು ತೊಡೆಯ ಮೇಲೆ ಹರಡಿಕೊಂಡು, ಹಿಟ್ಟಿನ ಕೈಯಲ್ಲೇ ಹೊಲಿಯಲು ಕುಳಿತಳು. ಹೊಲಿಯುತ್ತ ಅಳುತ್ತಿದ್ದಳು. ಬೆವರು, ಹಿಟ್ಟು, ಕಣ್ಣೀರು ಎಲ್ಲ ನನ್ನ ಮೇಲೇ ಬಿತ್ತು.

ಬಂಗಾರಿ ಗೋಡೆ ಬಿಟ್ಟು ಮೂಗೆತ್ತಿದಳು. ನಿಂತು ನಿಂತು ಬಂದಳು. ಹಳದಿ ತುಂಡನ್ನು ಮೂಸಿದಳು, ನೀಲಗಂಗವ್ವನ ಕೈ ಮೂಸಿದಳು, ಮತ್ತೆ ನನ್ನನ್ನು. ಈ ಒಂದು ತಿಂಗಳಲ್ಲಿ ಅವಳಿಗೆ ಗೊತ್ತಾದ ಇನ್ನೊಂದು ವಾಸನೆ ಅದು. ಮೂರು ಸುತ್ತು ಸುತ್ತಿ, ತೊಡೆಯ ಮೇಲಿದ್ದ ನನ್ನ ಮೇಲೆ ತಲೆಯಿಟ್ಟು ಮಲಗಿದಳು. ಎದ್ದರೆ ಎಚ್ಚರವಾದೀತೆಂದು ನೀಲಗಂಗವ್ವ ಅಲುಗಲಿಲ್ಲ. ಒಲೆಯ ಮೇಲಿನ ರೊಟ್ಟಿ ಕರಕಲಾಯಿತು.

ದಾದಾಪೀರ ಬಂದಾಗ ಬಂಗಾರಿಯ ಕಾಲುಗಳು ನಿದ್ದೆಯಲ್ಲಿ ಓಡುತ್ತಿದ್ದವು. ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ.

“ಒಯ್ಯಲೇನ್ರಿ ಅಕ್ಕಾರ?”

“ಸುಮ್ನಿರೋ. ಈಗ ಮಲಗೇತಿ” ಎಂದಳು ಅವಳು.

ಬಂಗಾರಿ ಅಲ್ಲಿ ಇನ್ನೂ ಒಂದು ವರ್ಷ ನಾಲ್ಕು ತಿಂಗಳು ಬದುಕಿದಳು. ಒಂದು ಮಧ್ಯಾಹ್ನ ಓಡುತ್ತಿದ್ದ ಕಾಲುಗಳು ನಿಂತವು. ಅಂದು ಕೂಡ ಗಾಳಿಯ ತುಂಬ ಹತ್ತಿಯಿತ್ತು.

ನೀಲಗಂಗವ್ವ ನನ್ನನ್ನು ಶೆಡ್ಡಿಗೆ ತಂದಳು. “ಈ ಸಲ ತೊಳದಿಲ್ಲಪಾ. ಯಾವುದಕ್ಕರ ಹಾಸು. ನಾ ಮಾತ್ರ ಇನ್ನೊಂದು ಒಯ್ಯಂಗಿಲ್ಲ, ಎದಿ ತಡಿಯಂಗಿಲ್ಲ” ಎಂದು ನೆಲಕ್ಕೆ ಹಾಸಿದಳು. ಮೂಲೆಯಿಂದ ಮೂರೇ ಕಾಲಿನ ಮುದುಕ ನಾಯಿಯೊಬ್ಬ ಕುಂಟುತ್ತ ಬಂದ. ನನ್ನ ನಡುವನ್ನು ಬಹಳ ಹೊತ್ತು ಮೂಸಿ, ಅಲ್ಲೇ ಮಲಗಿಬಿಟ್ಟ. ನೀಲಗಂಗವ್ವ ಹೊರಟಳು, ಬಾಗಿಲಲ್ಲಿ ನಿಂತಳು, ತಿರುಗಿ ನೋಡಿದಳು.

“ಇದರ ಹೆಸರೇನು?” ಎಂದಳು.

ಈಗ ನಾನು ಮತ್ತೆ ಒಲೆಯ ಪಕ್ಕದ ಮೂಲೆಯಲ್ಲಿದ್ದೇನೆ. ಅಂಚು ಹರಿದಿದೆ, ಹಸಿರು ಬೂದುಬಣ್ಣವಾಗಿದೆ. ಎಲ್ಲರಿಗೂ ಸರಿಯಾಗಿ ಹಾಸಿಗೆಯಾದೆನೋ ಇಲ್ಲವೋ, ಆ ಚಿಂತೆ ಇನ್ನೂ ಇದೆ. ಆದರೆ ಮಧ್ಯಾಹ್ನ ರೊಟ್ಟಿಯ ಸದ್ದು ನಿಂತಾಗ ಮುದುಕನಿಗೆ ನಿದ್ದೆ ಹತ್ತುತ್ತದೆ, ಓಡಲು ತೊಡಗುತ್ತಾನೆ. ನನ್ನ ಲೆಕ್ಕ ತಪ್ಪಿರಬಹುದೆಂದು ಎರಡೆರಡು ಸಲ ಎಣಿಸಿದ್ದೇನೆ. ನನ್ನ ಮೇಲೆ ಓಡುವ ಕಾಲುಗಳು ನಾಲ್ಕು.