ಗಂಡು ಹೇನು ದಾಟಿದ್ದು ಎಲ್ಲಿ

ಬೆಳಿಗ್ಗೆ ಎಂಟೂಕಾಲಿಗೆ ಹಸಿರು ಗುರುತಿನ ಸಾಲ್ಮನ್ ಮೀನಿನ ಬೆನ್ನ ಮೇಲೆ ಒಂದು ಗಂಡು ಹೇನು ಸಿಕ್ಕಿತು. ಆ ಮೀನಿನ ಮೇಲೆ ರಾಗ್ನಿ ಬಿಟ್ಟಿದ್ದು ಬರೀ ಹೆಣ್ಣುಗಳನ್ನು. ಗಂಡುಗಳೆಲ್ಲ ಇದ್ದದ್ದು ಅದೇ ತೊಟ್ಟಿಯ ನೀಲಿ ಗುರುತಿನ ಮೀನಿನ ಮೇಲೆ.

ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳಾದ ಫ್ಯೋರ್ಡ್‌ನ ದಡದ ನಮ್ಮ ಸಂಶೋಧನಾ ಕೇಂದ್ರದಲ್ಲಿ ಅದು ರಾಗ್ನಿಯ ಪಿಎಚ್.ಡಿ.ಯ ಕೊನೆಯ ಪ್ರಯೋಗ. ಸಿಗಡಿಯ ದೂರದ ಬಂಧುವಾದ ಈ ಹೇನಿನ ಗಂಡು, ಹೆಣ್ಣನ್ನು ಹುಡುಕಿಕೊಂಡು ಮೀನಿಂದ ಮೀನಿಗೆ ಈಜುವುದು ಗೊತ್ತಿದ್ದದ್ದೇ. ಚಳಿಗಾಲದ ಕೊರೆಯುವ ನೀರಿನಲ್ಲೂ ಈಜುತ್ತದೆಯೇ ಎಂಬುದು ಅವಳ ಪ್ರಶ್ನೆ. ಮಾರ್ಚ್ ಮುಗಿಯುತ್ತಿತ್ತು. ನೀರು ಬೆಚ್ಚಗಾದರೆ ಈ ವರ್ಷ ಇನ್ನೊಂದು ಅವಕಾಶವಿರಲಿಲ್ಲ. ಶುಕ್ರವಾರ ಮೀನು ಸಾಕಣೆದಾರರ ಸಭೆಯಲ್ಲಿ ಅವಳು ಉತ್ತರ ಹೇಳಬೇಕಿತ್ತು.

ಗಂಡು ಒಂದು ಎಳೆಯ ಹೆಣ್ಣನ್ನು ಹಿಂದಿನಿಂದ ಹಿಡಿದುಕೊಂಡಿತ್ತು. ಹೆಣ್ಣು ಕೊನೆಯ ಬಾರಿ ಪೊರೆ ಕಳಚುವವರೆಗೆ ಅದು ಹಾಗೆಯೇ ಕಾಯುತ್ತದೆ. ಹಸಿರು ಗುರುತಿನ ಇನ್ನೊಂದು ಮೀನಿನ ಮೇಲೂ ಅಂಥದೇ ಒಂದು ಜೋಡಿ. ಮೀನುಗಳನ್ನು ನೋಡಿಕೊಳ್ಳುವ ಓಡ್ವಾರ್, ಚಳಿಯಾದರೂ ಗಂಡಸರ ಬುದ್ಧಿ ಹೋಗುವುದಿಲ್ಲ ಎಂದು ನಕ್ಕು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದ. ರಾಗ್ನಿಯೂ ನಕ್ಕಳು. ಆಮೇಲೆ, ಹೇನು ಎಣಿಸುವ ಮೊದಲು ಮೀನುಗಳನ್ನು ಹಾಕುವ, ಅರಿವಳಿಕೆ ಮದ್ದು ಬೆರೆಸಿದ ಟಬ್ಬಿನ ಕಡೆ ತಿರುಗಿದಳು. ನೀರಿನಲ್ಲಿ ಒಂದು ಗಂಡು ಹೇನು ಈಜುತ್ತಿತ್ತು.

"ಓಡ್ವಾರ್, ನೀಲಿ ಮೀನನ್ನೂ ಇದಕ್ಕೇ ಹಾಕಿದ್ಯಾ?"

"ಇನ್ನೆಲ್ಲಿಗೆ ಹಾಕ್ಲಿ? ಎಲ್ಲಾ ಒಟ್ಟಿಗೆ. ಸಾಕಣೇಲಿ ಹಾಗೇ ತಾನೆ ಮಾಡೋದು? ಉದುರಿದ್ದನ್ನ ಸೋಸಿ ಲೆಕ್ಕಕ್ಕೆ ಸೇರಿಸಿದ್ರಾಯ್ತು."

ಅವನು ಹೇಳಿದ್ದು ತಪ್ಪಲ್ಲ. ಸಾಕಣೆಯಲ್ಲಿ ಬೇಕಾದದ್ದು ಮೀನಿಗೆ ಸರಾಸರಿ ಎಷ್ಟು ಹೇನು ಎಂಬುದಷ್ಟೇ; ಯಾವ ಹೇನು ಯಾವ ಮೀನಿನದು ಎಂದು ಯಾರೂ ಕೇಳುವುದಿಲ್ಲ. ಅವನು ಮೀನು ಹಾಕುವಾಗ ಪಕ್ಕದಲ್ಲೇ ನಿಂತಿದ್ದ ರಾಗ್ನಿಯೂ ಕೇಳಿರಲಿಲ್ಲ.

"ಇವು ತೊಟ್ಟೀಲಿ ದಾಟಿದ್ವೋ ಟಬ್ಬಲ್ಲಿ ದಾಟಿದ್ವೋ, ಈಗ ಹೇಗೆ ಗೊತ್ತಾಗುತ್ತೆ?"

"ಹಿಡ್ಕೊಂಡು ಕೂತಿದೆಯಲ್ಲ ಮಾರಾಯ್ತಿ. ಮದ್ದಿನ ನೀರಲ್ಲಿ, ಅಷ್ಟು ಬೇಗ ಪರಿಚಯ ಆಗಿ ತಬ್ಕೊಳ್ಳೋಕಾಗುತ್ತಾ?"

ಆಗುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಟಬ್ಬಿನ ನೀರನ್ನೇ ಎರಡು ಬಟ್ಟಲಿಗೆ ಸುರಿದು ಒಂದೊಂದರಲ್ಲೂ ಒಂದು ಗಂಡು, ಒಂದು ಹೆಣ್ಣನ್ನು ಬಿಟ್ಟಳು. ಓಡ್ವಾರ್ ಕಂದು ಚೀಸ್ ಇಟ್ಟ ಬ್ರೆಡ್ಡನ್ನು ಅಗಿಯುತ್ತಾ ಬಗ್ಗಿ ನೋಡಿದ. ಒಂದು ಬಟ್ಟಲಿನ ಗಂಡು ತಳದಲ್ಲಿ ಸತ್ತಂತೆ ಬಿದ್ದುಕೊಂಡಿತು. ಇನ್ನೊಂದು ಬಟ್ಟಲಿನದು ಅವನ ಬ್ರೆಡ್ ಮುಗಿಯುವ ಮೊದಲೇ ಹೆಣ್ಣನ್ನು ಹಿಡಿದುಕೊಂಡಿತು, ಸ್ವಲ್ಪ ಹೊತ್ತಿಗೆ ಬಿಟ್ಟೂಬಿಟ್ಟಿತು.

"ಇದನ್ನ ಏನಂತ ತಿಳ್ಕೊಳ್ಳೋದು?" ಎಂದ ಓಡ್ವಾರ್.

ರಾಗ್ನಿ ನೀಲಿ ಮೀನನ್ನು ಎತ್ತಿ ನೋಡಿದಳು. ಅದರ ಮೇಲೆ ಗಂಡುಗಳ ಜೊತೆ ಒಂದು ಹೆಣ್ಣೂ ಇತ್ತು. ಹುಡುಕಿಕೊಂಡು ಹೋಗದ ಹೆಣ್ಣೇ ಇಲ್ಲಿಗೆ ಬಂದಿದೆಯೆಂದರೆ, ಟಬ್ಬಿನಲ್ಲಿ ಉದುರಿದ ಹೇನುಗಳು ಸಿಕ್ಕ ಮೀನನ್ನು ಹತ್ತಿರಬಹುದು.

ಶುಕ್ರವಾರದ ಸಭೆಯಲ್ಲಿ ಅವಳು, ಹೇನು ದಾಟಿದ್ದು ತೊಟ್ಟಿಯಲ್ಲೋ ಟಬ್ಬಿನಲ್ಲೋ ಗೊತ್ತಿಲ್ಲ ಎಂದಷ್ಟೇ ಹೇಳಿ ಕೂತಳು. ಪ್ರಯೋಗವನ್ನು ಮುಂದಿನ ಜನವರಿಗೆ ಮುಂದೂಡಲಾಯಿತು.